ನೀಲಿ ಎಂಜಿನ್ ಬಿಚ್ಚಿದ್ದು

ನವೆಂಬರ್ 23, ಭಾನುವಾರ

ಇದೊಂದು ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಎಂಜಿನ್ ನಿಂತಾಗ ನನಗೆ ಖುಷಿಯಾಯಿತು.

ಅಪ್ಪನ ಮುಖ ನೋಡಿ ಸಂಕಟವೂ ಆಯಿತು, ಅದು ಸುಳ್ಳಲ್ಲ. ಆದರೆ ಮೊದಲು ಬಂದದ್ದು ಖುಷಿ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಬರೆಯುವವಳು ನಾನು. ಇದನ್ನೂ ಇಂಗ್ಲಿಷಿನಲ್ಲೇ ಬರೆಯಲು ನೋಡಿದೆ. ಎರಡು ಸಾಲಿಗೇ ತುಂಬ ನ್ಯಾಯವಂತಳಾಗಿ ಕಾಣತೊಡಗಿದೆ. ಕನ್ನಡದಲ್ಲಿ ನನಗೆ ಅಷ್ಟು ಜಾಣತನ ಇಲ್ಲ, ಅದಕ್ಕೇ ಕನ್ನಡ.

ನಡೆದದ್ದು ಇಷ್ಟು. ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪನ ಗಾಲಿಕುರ್ಚಿಯನ್ನು ಎಂದಿನಂತೆ ಮುಂದಿನ ಕೋಣೆಗೆ ತಳ್ಳಿಕೊಂಡು ಹೋದೆ. ಅಲ್ಲಿ ದೊಡ್ಡ ಮೇಜಿನ ಮೇಲೆ ಅವರ ರೈಲು ಇದೆ. ಪ್ಲೈವುಡ್ಡಿನ ಮೇಲೆ ಹಳಿ, ಎರಡು ಸ್ಟೇಷನ್, ಒಂದು ಸುರಂಗ. ಮೂವತ್ತನಾಲ್ಕು ವರ್ಷ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾದ ವರ್ಷ ಯಾರಿಂದಲೋ ಹಳೆಯ ಜರ್ಮನ್ ಮಾಡೆಲ್ ಎಂಜಿನ್ ಒಂದನ್ನು ಕೊಂಡು, ಅದರ ಕೆಂಪು ಬಣ್ಣ ಕೆರೆದು, ತಾವು ರಿಪೇರಿ ಮಾಡುತ್ತಿದ್ದ ಎಂಜಿನ್ನುಗಳ ನೀಲಿ ಬಳಿದರು. ಗೇಣುದ್ದಕ್ಕಿಂತ ತುಸು ಹೆಚ್ಚು. ಜೂನ್‌ನಲ್ಲಿ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದ ಮೇಲೆ ಅವರಿಗೆ ಉಳಿದಿರುವುದು ಎಡಗೈ ಮತ್ತು ಈ ರೈಲಿನ ವೇಗ ಏರಿಸಿ ಇಳಿಸುವ ಗುಬ್ಬಿ, ರೇಡಿಯೋದ ನಾಬ್‌ನಂಥದ್ದು. ಎಡಗೈಯಿಂದ ಅದನ್ನು ತಿರುಗಿಸುವುದೇ ವ್ಯಾಯಾಮ, ಬಿಡಿಸಬೇಡಿ ಎಂದು ಫಿಸಿಯೋಥೆರಪಿಯವರೂ ಹೇಳಿದ್ದಾರೆ.

ಇವತ್ತು ಗುಬ್ಬಿ ತಿರುಗಿತು, ಎಂಜಿನ್ ಗುಂಯ್ ಎಂದಿತು, ಅಲ್ಲೇ ನಿಂತಿತು. ಅಪ್ಪ ಬಹಳ ಹೊತ್ತು ನೋಡಿ ಹೇಳಿದರು: "ಸೋಲ್ಡರ್ ಬಿಟ್ಟೈತೆ. ಓಗೋ ಅವಸರದಲ್ಲಿ ಮಾಡವ್ಳೆ."

ಅವಳು ಎಂದರೆ ಪ್ರತಿಭಾ. ನಮ್ಮ ಮತ್ತಿಕೆರೆ ಮನೆಯ ಮಹಡಿ ರೂಮಿನಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದಳು. ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ, ಬಾಗಲಕೋಟೆಯ ಹುಡುಗಿ. ಸೆಪ್ಟೆಂಬರಿನಲ್ಲಿ ಊರಿನಲ್ಲೇ ಕೆಲಸ ಸಿಕ್ಕಿ ಹೋದಳು. ಹೋಗುವ ದಿನ ಕೂಡ ಎಂಜಿನ್ ಬಿಚ್ಚಿ, ಒರೆಸಿ, ಒಂದು ವೈರ್ ಬೆಸೆದು ಹೋದಳು. ನಾಲ್ಕು ವರ್ಷದಲ್ಲಿ ಅಪ್ಪ ಅವಳ ಕೆಲಸದಲ್ಲಿ ತಪ್ಪು ಹುಡುಕಿದ್ದು ಇದೇ ಮೊದಲು. ನನ್ನ ಖುಷಿ ಅದು.

ಆಯುಧಪೂಜೆಯ ದಿನವೂ ಅಪ್ಪ "ಪ್ರತಿಭಾ ಇದ್ದಿದ್ರೆ" ಎಂದು ಒಂದು ಸಲ ಅಂದು, ಮಾತ್ರೆ ನುಂಗಿ ಮಲಗಿದ್ದರು. ಅವಳು ಎಂಜಿನ್ನಿನ ನೆತ್ತಿಗೆ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದಳಂತೆ. ನಾನು ಅವಳಿಗಿಂತ ಚೆನ್ನಾಗಿಯೇ ಮಾಡಿದೆ. ನಮ್ಮ ಕಾರಿಗೆ ಮಾಡುವಂತೆ ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ ಹನ್ನೆರಡು ಚಕ್ರಕ್ಕೂ ಇಟ್ಟೆ. ಸೇವಂತಿಗೆ ಹಾರ, ನಿಂಬೆಹಣ್ಣು, ಎಲ್ಲ. ಎದ್ದ ಮೇಲೆ ಹಾರ ನೋಡಿ "ಚೆನ್ನಾಗೈತೆ" ಅಂದರು, ಅಷ್ಟೆ.

ನವೆಂಬರ್ 25, ಮಂಗಳವಾರ

ಅಪ್ಪ ಪ್ರತಿಭಾಗೆ ಫೋನ್ ಮಾಡಿಸಿದರು. ಫೋನ್ ಹಿಡಿದುಕೊಂಡಿದ್ದವಳು ನಾನು, ಸ್ಪೀಕರ್ ಹಾಕಿ.

ಅವಳು ಮೊದಲು ಅಪ್ಪನ ಕೈ ಹೇಗಿದೆ, ಊಟ ಹೇಗಿದೆ ಎಂದು ಕೇಳಿದಳು. ಎಂಜಿನ್ ನಿಂತಿದೆ, ನಿನ್ನ ಸೋಲ್ಡರ್ ಎಂದರು ಅಪ್ಪ. ಶೆಡ್ಡಿನಲ್ಲಾಗಿದ್ದರೆ ಇದಕ್ಕೆ ಚಾರ್ಜ್‌ಶೀಟ್ ಎಂದರು. ನಗುತ್ತಿರಲಿಲ್ಲ.

"ನನ್ನಿಂದನ ಆಗಿರಬೇಕ್ರಿ ಸರ್," ಎಂದಳು. "ಆವತ್ತ ಬಸ್ಸಿನ ಗಡಿಬಿಡಿ ಇತ್ತು. ಕೊರಿಯರ್ ಮಾಡ್ರಿ, ಬಿಚ್ಚಿ ನೋಡ್ತೀನಿ."

"ಬೇಡ. ನಾಲ್ಕ್ ವರ್ಸ ಕಲಿಸಿದ್ದು ದಂಡ ಆಯ್ತು."

ಆ ಕಡೆಯಿಂದ ಬಹಳ ಸಣ್ಣಗೆ, "ಇರ್ಲಿ ಬಿಡ್ರಿ ಸರ್."

ಅದನ್ನು ಚೆನ್ನಾಗಿ ಕೇಳಲೆಂದು ನಾನು ವಾಲ್ಯೂಮ್ ಹೆಚ್ಚಿಸಿದೆ. ಅಪ್ಪನಿಗೆ ಕೇಳಿಸಲಿ ಎಂದು ಮಾಡಿದೆ ಎಂದು ಆ ಕ್ಷಣ ಅಂದುಕೊಂಡೆ. ಅಪ್ಪನ ಕಿವಿ ನನ್ನದಕ್ಕಿಂತ ಚುರುಕು.

ನವೆಂಬರ್ 29, ಶನಿವಾರ

ಆರು ದಿನವಾಯಿತು. ಅಪ್ಪ ಮುಂದಿನ ಕೋಣೆಗೆ ಬರುವುದಿಲ್ಲ. ಕಿಟಕಿಯ ಹತ್ತಿರ ನಿಲ್ಲಿಸು ಅನ್ನುತ್ತಾರೆ, ಎದುರು ಪಿ.ಜಿ.ಯ ಹುಡುಗರು ಬಟ್ಟೆ ಒಣಹಾಕುವುದನ್ನು ನೋಡುತ್ತಾರೆ. ಎಡಗೈ ತೊಡೆಯ ಮೇಲೆ ಬಿದ್ದಿರುತ್ತದೆ, ಅದೂ ಸ್ಟ್ರೋಕ್ ಹೊಡೆದ ಕೈಯಂತೆ. ನಿನ್ನೆ ಫಿಸಿಯೋದವರು ಬೆರಳು ಬಿಗಿಯುತ್ತಿದೆ ಎಂದರು. ಕೈಯಲ್ಲಿ ಹಿಂಡಲು ಒಂದು ಸ್ಮೈಲಿ ಬಾಲ್ ಕೊಟ್ಟು ಹೋದರು. ಅಪ್ಪ ಅದನ್ನು ಮುಟ್ಟಿಲ್ಲ.

ಎಂಜಿನ್ ನಾನು ಬಿಚ್ಚುತ್ತೇನೆ ಎಂದೆ.

"ನಿನ್ ಕೈಲಾಗಲ್ಲ ಕಣಮ್ಮ. ಬುಡು."

ನನ್ನ ಗಂಡ ನಾಗೇಶ್ ಪೇಪರಿನಿಂದ ತಲೆ ಎತ್ತದೆ, "ಮಿಕ್ಸಿ ವಾಷರ್ ಹಾಕೋಕೆ ಮೂರು ವಿಡಿಯೋ ನೋಡ್ತಾಳೆ ಮಾವ ಇವ್ಳು," ಎಂದ. ಅಪ್ಪ ನಕ್ಕರು. ವಾರದಲ್ಲಿ ಮೊದಲ ನಗು, ನನ್ನ ಖರ್ಚಿನಲ್ಲಿ.

ನನ್ನ ಕೈಲಾಗುವುದಿಲ್ಲ, ಸರಿ. ಯಾಕೆ ಆಗುವುದಿಲ್ಲ? ಏಳನೆಯ ಕ್ಲಾಸಿನಲ್ಲಿ ಅಪ್ಪನ ಟೂಲ್‌ಬಾಕ್ಸ್ ತೆಗೆದು ಕೂತಿದ್ದೆ. ಮುಚ್ಚಳ ತೆಗೆದರೆ ಗ್ರೀಸಿನ ವಾಸನೆ ಬರುತ್ತಿತ್ತು, ಅಪ್ಪ ಮನೆಗೆ ಬಂದಾಗ ಬರುವ ವಾಸನೆ. ಮುಟ್ಟಬೇಡ, ಕೈ ಗಲೀಜಾಗುತ್ತೆ, ಓದ್ಕೋ ಹೋಗು ಎಂದರು. ಕಾನ್ವೆಂಟಿಗೆ ಹಾಕಿದ್ದೇ ಅದಕ್ಕೆ, ತಮ್ಮ ಉಗುರಿನೊಳಗಿನ ಕಪ್ಪು ನನ್ನ ಉಗುರಿಗೆ ಬರಬಾರದು ಎಂದು. ನಾನು ಓದಿಕೊಂಡೆ. ಕಪ್ಪು ಬರಲಿಲ್ಲ. ಆಮೇಲೆ ಯಾರದೋ ಮನೆಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಮಟ ಹಿಡಿಯುವುದು ಹೇಗೆ ಎಂದು ಕಲಿಸಿದರು. ನಾನು ಅವರಿಬ್ಬರಿಗೂ ಕಾಫಿ ತಂದುಕೊಡುತ್ತಿದ್ದೆ.

ನವೆಂಬರ್ 30, ಭಾನುವಾರ

ಬಿಚ್ಚಿದೆ. ಅಪ್ಪನನ್ನು ಕೇಳಲಿಲ್ಲ. ಅವರು ಸ್ನಾನ ಮುಗಿಸಿ ಮಲಗಿದ್ದರು.

ಮೇಜಿನ ಡ್ರಾಯರಿನಲ್ಲಿ ಪ್ರತಿಭಾಳ ನೋಟ್‌ಬುಕ್ ಇತ್ತು. ಎಂಜಿನ್ನಿನ ಒಂದೊಂದು ಭಾಗದ ಚಿತ್ರ, ಬಾಣದ ಗುರುತು, ಪಕ್ಕದಲ್ಲಿ ಕೋಳಿಕಾಲಿನ ಅಕ್ಷರ. ಬರೆಯುವುದೂ ಮಾತಾಡಿದ ಹಾಗೆಯೇ. 'ಮೊದಲ ಫೋಟೋ ತಗೊಳ್ಳೂದು. ಆಮ್ಯಾಲ ಸ್ಕ್ರೂ. ಬಾಡಿ ಜಗ್ಗಬ್ಯಾಡ, ಎರಡೂ ಬದಿ ಉಗುರಿನಿಂದ ಅಗಲಿಸು, ತಾನ ಬರ್ತದ.' ಇದನ್ನು ನೋಡದೆ ಮಾಡಬೇಕೆಂದುಕೊಂಡಿದ್ದೆ. ಹತ್ತು ನಿಮಿಷ ಜಗ್ಗಿದೆ. ಬರಲಿಲ್ಲ. ಎರಡೂ ಬದಿ ಉಗುರಿನಿಂದ ಅಗಲಿಸಿದೆ. ತಾನೇ ಬಂತು.

ಒಳಗೆ ಇಷ್ಟೇ: ನಡುವೆ ಮೋಟರು, ಅದರ ಎರಡೂ ತುದಿಯಿಂದ ಹೊರಟ ಸರಳು, ಹಿಂದೆ ಮುಂದೆ ಆರಾರು ಚಕ್ರದ ಎರಡು ಬಂಡಿ. ಅವಳು ಬೆಸೆದ ವೈರನ್ನು ಚಿಮಟದಲ್ಲಿ ಎಳೆದು ನೋಡಿದೆ. ಅಲುಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಎಳೆದೆ. ಬೆಸುಗೆ ಬೆಳ್ಳಿಯ ಹನಿಯ ಹಾಗೆ ನುಣುಪಾಗಿದೆ.

ತಪ್ಪು ಬೇರೆಲ್ಲೋ ಇರಬೇಕು. ಅವಳದೇ.

ಡಿಸೆಂಬರ್ 2, ಮಂಗಳವಾರ

ಚಳಿ. ಎಲ್ಲ ಬಿಚ್ಚಿ ಸ್ಟೀಲ್ ತಟ್ಟೆಯಲ್ಲಿ ಇಟ್ಟಿದ್ದೇನೆ. ಆಫೀಸಿನ ಮೀಟಿಂಗಿನಲ್ಲೂ ತಟ್ಟೆಯೇ ಕಣ್ಣ ಮುಂದೆ.

ಡಿಸೆಂಬರ್ 6, ಶನಿವಾರ

ಮಧ್ಯಾಹ್ನ ಹಿಂದಿನ ಬಂಡಿಯ ತಳದ ಮುಚ್ಚಳ ತೆಗೆದೆ. ಒಳಗೆ ಕಡಲೆಕಾಳಿನಷ್ಟಿರುವ ಹಲ್ಲಿನ ಗಾಲಿಗಳು ಸಾಲಾಗಿವೆ. ಹಲ್ಲುಗಳ ನಡುವೆ ಮೇಣದಂಥ ಗಟ್ಟಿ ಗಸಿ. ಹಲ್ಲುಕಡ್ಡಿಯಿಂದ ಕೆದಕಿ ಬಿಳಿ ಬಟ್ಟೆಗೆ ಒರೆಸಿದೆ. ಕೆಂಪು.

ಹಳೆಯ ಬಣ್ಣ ಇರಬಹುದು. ಅಪ್ಪ ಕೆರೆದದ್ದು ಕೆಂಪು ಬಣ್ಣವನ್ನೇ ಅಲ್ಲವೇ.

ಡಿಸೆಂಬರ್ 7, ಭಾನುವಾರ

ಹಳೆಯ ಬಣ್ಣ ಅಲ್ಲ. ಬಟ್ಟೆಯನ್ನು ಮೂಗಿಗೆ ಹಿಡಿದಾಗಲೇ ನಿನ್ನೆ ಗೊತ್ತಾಗಿತ್ತು. ಕೊಬ್ಬರಿ ಎಣ್ಣೆ.

ಬೆಳಿಗ್ಗೆ ಬಚ್ಚಲಲ್ಲಿ ತಲೆಗೆ ಹಚ್ಚಲು ಬಾಟಲಿ ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಲ್ಲೇ ನಿಂತುಬಿಟ್ಟೆ. ಅಕ್ಟೋಬರಿನಲ್ಲಿ ನಾನು ಚಕ್ರಕ್ಕೆ ಇಟ್ಟ ಎಣ್ಣೆ ಸೆಖೆಗೆ ನೀರಾಗಿ ಅಚ್ಚಿನ ಗುಂಟ ಒಳಗೆ ಇಳಿದಿದೆ. ಕುಂಕುಮವನ್ನೂ ಹೊತ್ತುಕೊಂಡು ಹೋಗಿದೆ. ಆಗ ರೈಲು ಓಡುತ್ತಿತ್ತು. ನವೆಂಬರಿನ ಚಳಿಗೆ ಎಣ್ಣೆ ಗಟ್ಟಿಯಾಯಿತು, ಎಂಜಿನ್ ನಿಂತಿತು.

ಹನ್ನೆರಡು ಚಕ್ರ. ಒಂದನ್ನೂ ಬಿಟ್ಟಿರಲಿಲ್ಲ ನಾನು.

ಯಾರಿಗೂ ಹೇಳಿಲ್ಲ. ಹೇಳಬೇಕೇ? ಮೊದಲು ಓಡಲಿ. ಓಡಿದ ಮೇಲೆ ಯಾಕೆ ನಿಂತಿತ್ತು ಎಂದು ಯಾರು ಕೇಳುತ್ತಾರೆ?

ಡಿಸೆಂಬರ್ 10, ಬುಧವಾರ

ಇವತ್ತು ಮನೆಯಿಂದಲೇ ಆಫೀಸು. ಊಟದ ಬಿಡುವನ್ನೆಲ್ಲ ಇದಕ್ಕೆ ಕೊಟ್ಟೆ. ಗಾಲಿಗಳನ್ನು ಒಂದೊಂದಾಗಿ ತೆಗೆದು, ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿ, ಚಿಕ್ಕ ಮಕ್ಕಳ ಹಲ್ಲುಜ್ಜುವ ಬ್ರಷ್ಷಿನಿಂದ ಹಲ್ಲು ಹಲ್ಲೂ ತಿಕ್ಕಿದೆ. ಸ್ಪಿರಿಟ್ ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಚೆಲ್ಲಿ ಹೊಸದು ಹಾಕಿದೆ. ಮೂರನೆಯ ಸಲ ನೀರಿನಂತೆ ಉಳಿಯಿತು. ಚಕ್ರದ ಬೆನ್ನಿಗೆ ತಾಗುವ ತಾಮ್ರದ ಪಟ್ಟಿಗಳಿವೆ, ಹಳಿಯ ಕರೆಂಟು ಒಳಗೆ ಹೋಗುವುದು ಅವುಗಳಿಂದ. ಅಲ್ಲೂ ಕೆಂಪು ಪೊರೆ. 'ಇವನ್ನ ಭಾಳ ಒತ್ತಬ್ಯಾಡ, ಬಾಗ್ತಾವ. ಬೆಕ್ಕಿನ ಮೀಸಿ ಅಂದ್ಕೊ' ಎಂದು ಪ್ರತಿಭಾ ಬರೆದಿದ್ದಾಳೆ. ಬೆಕ್ಕಿನ ಮೀಸೆ ಎಂದುಕೊಂಡೇ ಒರೆಸಿದೆ. ಹೌದು, ಹಾಗೆ ಅಂದುಕೊಂಡರೆ ಬೆರಳು ತಾನೇ ಹಗುರವಾಗುತ್ತದೆ.

ಮೋಟರಿನ ಸ್ಪ್ರಿಂಗ್ ಒಂದು ಹಾರಿತು. ನಾಗೇಶ್ ಊಟದ ತಟ್ಟೆ ಪಕ್ಕಕ್ಕಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ, ಸೋಫಾದ ಕೆಳಗೆಲ್ಲ ಟಾರ್ಚ್ ಬಿಟ್ಟ. "ಮದುವೆಯಾದಾಗಿಂದ ನೀನು ನನ್ನನ್ನು ಇಷ್ಟು ಹುಡುಕಿಲ್ಲ ಕಣೇ," ಎಂದ. ಅದು ನನ್ನ ಕೂದಲಿನಲ್ಲೇ ಇತ್ತು. ನೋಟ್‌ಬುಕ್ಕಿನ ಆ ಪುಟ ತೆಗೆದರೆ, 'ಸ್ಪ್ರಿಂಗ್ ಹಾರತದ. ಮೊದಲ ತಲಿ ನೋಡ್ಕೊ' ಎಂದಿದೆ. ನಾನೊಬ್ಬಳೇ ನಕ್ಕೆ. ಅವಳ ಕೂದಲಿನಲ್ಲೂ ಸಿಕ್ಕಿತ್ತೇನೋ.

ಅಚ್ಚಿನ ಪ್ರತಿ ತುದಿಗೆ ಸೂಜಿಮೊನೆಯಷ್ಟು ಮೆಷಿನ್ ಎಣ್ಣೆ. ಅದಕ್ಕಿಂತ ಹೆಚ್ಚಿಲ್ಲ.

ಉಗುರಿನೊಳಗೆ ಕಪ್ಪು ಸೇರಿಕೊಂಡಿದೆ. ಮೂರು ಗಂಟೆಯ ವಿಡಿಯೋ ಕಾಲ್‌ಗೆ ಕೈ ತೊಳೆಯುವುದೇ ಮರೆತೆ.

ಡಿಸೆಂಬರ್ 14, ಭಾನುವಾರ

ಓಡಿತು.

ಮೊಯಿನುದ್ದೀನ್ ಅಂಕಲ್ ಬಂದಿದ್ದರು. ಅಪ್ಪನ ಶೆಡ್ಡಿನ ಜೊತೆಗಾರರು, ಆರ್.ಟಿ. ನಗರದಿಂದ ತಿಂಗಳಿಗೊಂದು ಸಲ ಬರುತ್ತಾರೆ. ಅಪ್ಪನನ್ನು ಬಲವಂತವಾಗಿ ಮುಂದಿನ ಕೋಣೆಗೆ ತಳ್ಳಿಕೊಂಡು ಬಂದವರು ಅವರೇ. "ಏನ್ ಗುರು, ಮಗಳು ಎಂಜಿನ್ ಬಿಚ್ಚಿದ್ರೆ ಅಪ್ಪ ಮುಸುಕು ಹಾಕ್ಕೊಂಡು ಮಲಗ್ತಾನಾ?" ಎಂದರು.

ಅಪ್ಪ ಗುಬ್ಬಿಯ ಮೇಲೆ ಎಡಗೈ ಇಟ್ಟರು. ಬೆರಳುಗಳು ಮೊದಲು ಮಡಚಲಿಲ್ಲ. ನಾನು ಸಹಾಯಕ್ಕೆ ಕೈ ಚಾಚಿದೆ, ಅಂಕಲ್ ಕಣ್ಣಿನಲ್ಲೇ ಬೇಡ ಎಂದರು. ಗುಬ್ಬಿ ಕೂದಲೆಳೆಯಷ್ಟು ತಿರುಗಿತು. ಎಂಜಿನ್ ಸದ್ದಿಲ್ಲದೆ ಹೊರಟಿತು. ಎಷ್ಟು ನಿಧಾನವೆಂದರೆ ಚಕ್ರದ ಸುತ್ತು ಎಣಿಸಬಹುದಾಗಿತ್ತು. ಸುರಂಗದೊಳಗೆ ಹೋಯಿತು. ಹೊರಗೆ ಬಂತು.

ಅಪ್ಪ ಹನ್ನೊಂದು ಸುತ್ತು ಓಡಿಸಿದರು. ಆಮೇಲೆ ನನ್ನ ಕೈ ತೆಗೆದುಕೊಂಡು, ತಿರುವಿ, ಉಗುರು ನೋಡಿದರು.

"ಆ ಹುಡುಗಿಗಿಂತ ಸೂಕ್ಷ್ಮ ಐತೆ ನಿನ್ ಕೈ," ಎಂದರು.

ಡಿಸೆಂಬರ್ 15, ಸೋಮವಾರ

ಆ ಹುಡುಗಿಗಿಂತ.

ಆಫೀಸಿನ ಬಸ್ಸಿನಲ್ಲಿ, ಹೆಬ್ಬಾಳದ ಫ್ಲೈಓವರಿನ ಮೇಲೆ ಮುಕ್ಕಾಲು ಗಂಟೆ ನಿಂತರೂ ಬೇಜಾರಾಗಲಿಲ್ಲ. ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಡಿಸೆಂಬರ್ 17, ಬುಧವಾರ

ಅಂಕಲ್ ಪ್ರತಿಭಾಗೆ ಸುದ್ದಿ ಮುಟ್ಟಿಸಿದ್ದಾರೆ. ಇವತ್ತು ನನಗೆ ಅವಳ ಮೆಸೇಜು ಬಂತು. ಅದನ್ನು ಇಲ್ಲಿ ಹಾಗೆಯೇ ಇಳಿಸಿಡುತ್ತೇನೆ.

'ಅಕ್ಕಾ, ಎಂಜಿನ್ ಓಡ್ತಂತ ಕೇಳಿ ಭಾಳ ಖುಷಿ ಆತ್ರಿ. ನೀವ ಮಾಡಿದ್ರಂತ. ನಾ ಎಲ್ಲಿ ತಪ್ಪಿದ್ನಿ ಅದೊಂದು ಹೇಳ್ರಿ. ಸೋಲ್ಡರ್ ಏನು? ಇಲ್ಲಿ ಹುಡುಗರಿಗೆ ಲ್ಯಾಬಿನ್ಯಾಗ ಅದನ್ನ ಕಲಸ್ತೀನಿ, ಈಗ ಕೈ ಹಚ್ಚಾಕ ಧೈರ್ಯ ಬರವಲ್ತು.'

'ಹಳೆಯ ಗ್ರೀಸ್ ಗಟ್ಟಿಯಾಗಿತ್ತು, ಯಾರದೂ ತಪ್ಪಲ್ಲ' ಎಂದು ಟೈಪ್ ಮಾಡಿದೆ. ಒಳ್ಳೆಯ ವಾಕ್ಯ. ಅವಳಿಗೆ ಸಮಾಧಾನ, ನನಗೆ ನಷ್ಟವಿಲ್ಲ. ಅಳಿಸಿದೆ. ಇನ್ನೊಮ್ಮೆ ಟೈಪ್ ಮಾಡಿದೆ.

ಅಪ್ಪನ ಮಟ್ಟಿಗೆ ಆ ತಪ್ಪು ಅವಳದಾಗಿಯೇ ಉಳಿಯುತ್ತದಲ್ಲ. ನನಗೆ ಬೇಕಾದದ್ದೂ ಅದೇ ತಾನೇ?

ಕಳಿಸಲಿಲ್ಲ. ನಾನು ಓದಿದ್ದೇನೆಂಬ ಎರಡು ನೀಲಿ ಟಿಕ್ ಅವಳಿಗೆ ಕಂಡಿರುತ್ತವೆ.

ಡಿಸೆಂಬರ್ 18, ಗುರುವಾರ

ಉತ್ತರ ಕೊಟ್ಟಿಲ್ಲ. ಅವಳ ಬೆಸುಗೆ ಎಷ್ಟು ನುಣುಪಾಗಿತ್ತು ಎಂಬುದೇ ನೆನಪಾಗುತ್ತದೆ.

ಡಿಸೆಂಬರ್ 19, ಶುಕ್ರವಾರ

ಹೇಳಿಬಿಟ್ಟೆ.

ಸಂಜೆ ಅಪ್ಪ ರೈಲು ಓಡಿಸುತ್ತಿದ್ದರು. ಗುಬ್ಬಿ ಈಗ ಸರಾಗ ತಿರುಗುತ್ತದೆ. ಮುಂದಿನ ತಿಂಗಳು ಕಪಾಟಿನಲ್ಲಿ ಕೆಟ್ಟು ಬಿದ್ದಿರುವ ಗೂಡ್ಸ್ ಎಂಜಿನ್ನನ್ನೂ ಬಿಚ್ಚು, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ ಎಂದರು. ನಲವತ್ತೈದು ವರ್ಷಕ್ಕೆ ನನಗೆ ಬಂದ ಆಹ್ವಾನ. ಅದು ಬಂದ ಮೇಲೆ ಹೇಳುವುದು ಕಷ್ಟ ಎಂದುಕೊಂಡಿದ್ದೆ. ಆದರೆ ಅದನ್ನು ಕೇಳುತ್ತಿದ್ದಂತೆ ಬಾಯಿ ಬಿಟ್ಟೆ. ಸೋಲ್ಡರ್ ಗಟ್ಟಿಯಾಗಿತ್ತು, ಕೆಡಿಸಿದ್ದು ನಾನು ಎಂದೆ. ಎಣ್ಣೆ, ಕುಂಕುಮ, ಹನ್ನೆರಡು ಚಕ್ರ, ಎಲ್ಲ ಹೇಳಿದೆ. ತಿಳಿದು ಎರಡು ವಾರವಾಯಿತು ಎಂದೂ ಹೇಳಿದೆ.

ಅಪ್ಪ ಗುಬ್ಬಿಯನ್ನು ಸೊನ್ನೆಗೆ ತಂದರು. ಬೈಯುತ್ತಾರೆ ಎಂದು ಕಾದೆ.

"ಆ ಹುಡುಗಿ ತಾನೇ ತಪ್ಪು ಅಂತ ಒಪ್ಕೊಂಬುಟ್ಳಲ್ಲ," ಎಂದರು. "ನಾನು ಅನ್ನಬಾರದ್ದು ಅಂದೆ."

ಮೊದಲ ಮಾತೇ ಅವಳದು. ಇಷ್ಟೆಲ್ಲ ಹೇಳಿಕೊಂಡು ಎದುರಿಗೆ ನಿಂತಿದ್ದವಳು ನಾನು. ಹೊಟ್ಟೆಯಲ್ಲಿ ಅದೇ ಕಿಚ್ಚು, ಅಕ್ಟೋಬರಿಗಿಂತ, ನವೆಂಬರಿಗಿಂತ ಸ್ವಲ್ಪವೂ ಕಮ್ಮಿಯಿಲ್ಲ. ಫೋನ್ ಮಾಡಿಕೊಡಲೇ ಎಂದು ಕೇಳಿದೆ.

"ಫೋನ್ ಬೇಡ. ಫೋನಲ್ಲಿ 'ಇರ್ಲಿ ಬಿಡ್ರಿ' ಅಂತಾಳೆ, ಅಲ್ಲಿಗೆ ಮುಗಿದೋಯ್ತದೆ. ಕಾಗದ ಬರಿ. ಇಟ್ಕೊಂಡು ಓದ್ಲಿ."

ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ ಅಂದರು: "ನೀನ್ ಏಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಯ್ತಿರ್ಲಿಲ್ಲ."

ಇದು ಬೈಗುಳವೋ ಹೊಗಳಿಕೆಯೋ? ಊಟ ಬಡಿಸುವಾಗಲೂ ಕೇಳಬೇಕೆನ್ನಿಸಿತು, ಕೇಳಲಿಲ್ಲ. ಗೂಡ್ಸ್ ಎಂಜಿನ್ನಿನ ಮಾತು ಅವರೂ ಎತ್ತಲಿಲ್ಲ.

ಡಿಸೆಂಬರ್ 20, ಶನಿವಾರ

ಕಾಗದ ಬರೆಯಲು ಬೆಳಗೆಲ್ಲ ಹಿಡಿಯಿತು. ಮೊದಲನೆಯದು ಮೂರು ಪುಟ. ಓದಿ ನೋಡಿದರೆ ಮೂರೂ ಪುಟ ನನ್ನ ಬಗ್ಗೆಯೇ ಇತ್ತು. ಹರಿದೆ. ಎರಡನೆಯದರಲ್ಲಿ 'ಅಚಾತುರ್ಯ' ಎಂಬ ಪದ ಬಂತು. ಅದನ್ನೂ ಹರಿದೆ. ಕೊನೆಗೆ ಉಳಿದದ್ದು ಇದು:

'ಪ್ರತಿಭಾ, ನಿನ್ನ ಬೆಸುಗೆ ಗಟ್ಟಿಯಾಗಿತ್ತು. ಎರಡು ಸಲ ಎಳೆದು ನೋಡಿದೆ. ಎಂಜಿನ್ ಕೆಡಿಸಿದ್ದು ನಾನು. ಆಯುಧಪೂಜೆಗೆ ಚಕ್ರಕ್ಕೆ ಕೊಬ್ಬರಿ ಎಣ್ಣೆ ಕುಂಕುಮ ಹಚ್ಚಿದೆ, ಅದು ಚಳಿಗೆ ಹೆಪ್ಪುಗಟ್ಟಿತು. ನಿನಗಿಂತ ಚೆನ್ನಾಗಿ ಮಾಡಬೇಕೆಂದು ಹಚ್ಚಿದ್ದು. ಡಿಸೆಂಬರ್ ಆರಕ್ಕೇ ನನಗೆ ಗೊತ್ತಾಗಿತ್ತು, ಸುಮ್ಮನಿದ್ದೆ. ನೀನು ಬರೆದಿಟ್ಟಿದ್ದನ್ನು ನೋಡಿಕೊಂಡೇ ಬಿಚ್ಚಿದೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಮಕ್ಕಳಿಗೆ ಧೈರ್ಯವಾಗಿ ಕಲಿಸು.'

'ನಿನಗಿಂತ ಚೆನ್ನಾಗಿ' ಎಂಬ ಸಾಲನ್ನು ಎರಡು ಸಲ ಹೊಡೆದುಹಾಕಿದೆ. ಅದಿಲ್ಲದೆ ಕಾಗದ ಬರಿಯ ಕೊಬ್ಬರಿ ಎಣ್ಣೆಯ ವಿಷಯವಾಗುತ್ತದೆ. ಮೂರನೆಯ ಸಲ ಬಿಟ್ಟೆ.

ಅಪ್ಪನಿಗೆ ಓದಿ ಹೇಳಿದೆ. ಪೆನ್ನು ಕೊಡು ಎಂದರು. ಎಡಗೈಯಲ್ಲಿ, ಕಾಗದದ ಅಡಿಯಲ್ಲಿ, ಕಾಲು ಗಂಟೆ ತೆಗೆದುಕೊಂಡು ಎರಡು ಮಾತು ಬರೆದು ಹೆಸರು ಹಾಕಿದರು. ಸ್ಟ್ರೋಕ್ ಆದ ಮೇಲೆ ಅವರು ಬರೆದ ಮೊದಲ ಅಕ್ಷರ. 'ತಪ್ಪು ನನ್ನದು. ನರಸಿಂಹಯ್ಯ.' ಆ ಮೊದಲ ಅಕ್ಷರವೂ ಅವಳಿಗೇ ಹೋಗುತ್ತಿದೆ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆದಿದ್ದೇನೆ. ಲಕೋಟೆಯ ಬಾಯಿ ಅಂಟಿಸಿ, ವಿಳಾಸ ಬರೆದವಳೂ ನಾನೇ.

ಅಷ್ಟು ಹೊತ್ತಿಗೆ ಪೋಸ್ಟ್ ಆಫೀಸಿನ ಸಮಯ ಮುಗಿದಿತ್ತು. ನಾಳೆ ಭಾನುವಾರ. ಲಕೋಟೆ ಎರಡು ರಾತ್ರಿ ಈ ಮನೆಯಲ್ಲೇ ಇರುತ್ತದೆ. ನನ್ನ ಮೇಜಿನಲ್ಲಿದ್ದರೆ ನಾನು ಅದನ್ನು ಬಿಚ್ಚುತ್ತೇನೆ, ಒಂದು ಸಾಲು ತೆಗೆಯುತ್ತೇನೆ, ಇನ್ನೊಂದನ್ನು ತಿದ್ದುತ್ತೇನೆ. ನನ್ನನ್ನು ನಾನು ಅಷ್ಟು ಬಲ್ಲೆ. ಅಪ್ಪನ ಕೈಗೆ ಕೊಟ್ಟೆ. ಅವರು ದಿಂಬಿನ ಕೆಳಗೆ ತಳ್ಳಿ ಅದರ ಮೇಲೆ ಮಲಗಿದ್ದಾರೆ.

ಪೋಸ್ಟ್ ಮಾಡುವುದು ಡಿಸೆಂಬರ್ 22, ಸೋಮವಾರ.